ದೇಶಭಾಷಾ ಡೊಮೈನ್ ಹೆಸರುಗಳ ಪ್ರದರ್ಶನ: ಕುರ್ಲಾ ಎಂಬ ಒಂದು ಹೆಸರಿನ ಮೂಲಕ

ಲ್ಯಾಟಿನ್ ಲಿಪಿಯ ಇಪ್ಪತ್ತಾರು ಮೂಲ ಅಕ್ಷರಗಳ ಆಚೆಗಿನ ಲಿಪಿಗಳಲ್ಲಿ ಬರೆದ ಅಂತರಜಾಲ ವಿಳಾಸಕ್ಕೆ ದೇಶಭಾಷಾ ಡೊಮೈನ್ ಹೆಸರು ಎನ್ನುತ್ತಾರೆ. ಇಂಥ ಹೆಸರಿಗೆ ಎರಡು ರೂಪ. ಒಂದು ಓದುಗನ ಕಣ್ಣಿಗೆ ಕಾಣುವ ಲಿಪಿರೂಪ. ಇನ್ನೊಂದು ಜಾಲದ ಯಂತ್ರಗಳು ತಮ್ಮೊಳಗೆ ಸಾಗಿಸುವ ಸಂಕೇತರೂಪ. ಬ್ರೌಸರ್, ಇಮೇಲ್ ತಂತ್ರಾಂಶ, ಮೊಬೈಲ್ ಆ್ಯಪ್‌ಗಳು ಈ ಎರಡರಲ್ಲಿ ಯಾವುದನ್ನು, ಯಾವಾಗ, ಹೇಗೆ ತೋರಿಸಬೇಕು ಎಂಬುದು ಈ ಲೇಖನದ ವಿಷಯ. ಲಿಪಿಯಲ್ಲಿ ತೋರಿಸಿದರೆ ಮೋಸಗಾರನ ನಕಲು ವಿಳಾಸವೂ ಅಸಲಿನಂತೆಯೇ ಕಂಡೀತು. ಸಂಕೇತದಲ್ಲಿ ತೋರಿಸಿದರೆ ಅಸಲನ್ನೂ ಯಾರೂ ಓದಲಾರರು. ಈ ಇಕ್ಕಟ್ಟಿನಿಂದ ಹೊರಬರಲು ಬ್ರೌಸರ್ ತಯಾರಕರು ಎರಡು ದಶಕಗಳಿಂದ ನಿಯಮಗಳನ್ನು ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತಿದ್ದಾರೆ. ಆ ನಿಯಮಗಳಲ್ಲಿ ಕನ್ನಡ ಲಿಪಿಗೆ ಸಿಕ್ಕ ಸ್ಥಾನ ಅದರ ಓದುಗರಿಗೆ ನ್ಯಾಯ ಒದಗಿಸುವಂಥದಲ್ಲ.

ಕುರ್ಲಾದ ಲಿಪಿಗಳು

ಮುಂಬಯಿಯ ಉಪನಗರವಾದ ಕುರ್ಲಾದಲ್ಲಿ ಮಧ್ಯ ರೈಲ್ವೆಯ ಮುಖ್ಯ ಮಾರ್ಗವೂ ಹಾರ್ಬರ್ ಮಾರ್ಗವೂ ಕೂಡುತ್ತವೆ. ಮಂಗಳೂರಿನ ಕಡೆ ಸಾಗುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹೊರಡುವುದು ಇಲ್ಲಿನ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ. ಪೂರ್ವ ಭಾಗದಲ್ಲಿ ಮುಂಬಯಿ ಬಂಟರ ಸಂಘದ ಬಂಟರ ಭವನವಿದೆ. ಮನೆಯಲ್ಲಿ ತುಳು ಆಡಿ ಬರವಣಿಗೆಗೆ ಕನ್ನಡ ಲಿಪಿ ಹಿಡಿಯುವ ಜನರ ದೊಡ್ಡ ಸಂಸ್ಥೆ ಅದು. ಪಶ್ಚಿಮಕ್ಕೆ ಹೊರಳಿದರೆ ಅಂಗಡಿ, ಮದರಸಾ, ಶಾಲೆಗಳ ಹಲಗೆಗಳಲ್ಲಿ ಉರ್ದು ಎದುರಾಗುತ್ತದೆ. ಇನ್ನಷ್ಟು ಮುಂದೆ ಕಲೀನಾ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಅಲ್ಲಿನ ವಿದ್ಯಾನಗರಿಯಲ್ಲಿದೆ. ದಕ್ಷಿಣ ಅಂಚಿನಲ್ಲಿ ಬಾಂದ್ರಾ–ಕುರ್ಲಾ ಸಂಕೀರ್ಣ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಸೆಬಿ, ನಬಾರ್ಡ್ ಮತ್ತು ಹಲವು ಬ್ಯಾಂಕುಗಳ ಪ್ರಧಾನ ಕಚೇರಿಗಳು ಅಲ್ಲಿವೆ. ದೇಶದ ಹಣ ಓಡಾಡುವ ವಿಳಾಸಗಳೂ, ಹಲವು ಭಾಷೆಯ ಸಾಮಾನ್ಯ ಓದುಗರೂ ಒಂದೇ ಪಿನ್‌ಕೋಡಿನ ಆಸುಪಾಸಿನಲ್ಲಿರುವ ಇಂಥ ಜಾಗ ವಿಳಾಸ ಪ್ರದರ್ಶನದ ಯಾವುದೇ ನಿಯಮಕ್ಕೆ ಒಳ್ಳೆಯ ಒರೆಗಲ್ಲು. ದೇವನಾಗರಿ, ಕನ್ನಡ, ಉರ್ದು, ಗುಜರಾತಿ, ತೆಲುಗು ಯಾವುದರಲ್ಲಿ ಬರೆದರೂ ಕುರ್ಲಾ ಎಂಬುದು ಇಲ್ಲಿ ಸಾಚಾ ಹೆಸರೇ. ಒಂದು ಲಿಪಿಯನ್ನು ಸಹಜವೆಂದೂ ಮತ್ತೊಂದನ್ನು ಶಂಕಾಸ್ಪದವೆಂದೂ ಎಣಿಸುವ ತಂತ್ರಾಂಶ ಇಲ್ಲಿ ಮೊದಲ ದಿನವೇ ತಪ್ಪುತ್ತದೆ.

ಭಾರತದ ಡೊಮೈನ್ ಇತಿಹಾಸದ ಒಂದು ತುದಿಯೂ ಇದೇ ನಗರದಲ್ಲಿದೆ. ಜುಹೂನಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಮುಂದೆ ಸಿ-ಡ್ಯಾಕ್‌ನಲ್ಲಿ ಸೇರಿಹೋದ ಎನ್‌ಸಿಎಸ್‌ಟಿ, ಡಾಟ್ ಇನ್ ವಿಳಾಸಗಳ ನೋಂದಣಿಯನ್ನು ನಡೆಸುತ್ತಿತ್ತು. 2005ರ ಆರಂಭದಲ್ಲಿ ಆ ಹೊಣೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿಗೆ ದಾಟಿತು.

ಹೆಸರು ಸಂಕೇತವಾಗುವ ಬಗೆ

ಡೊಮೈನ್ ಹೆಸರಿನ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ವಿಳಾಸದಲ್ಲಿ ಲ್ಯಾಟಿನ್ ಅಕ್ಷರ, 0ಯಿಂದ 9ರ ತನಕದ ಅಂಕಿ, ನಡುಗೆರೆ ಇಷ್ಟಕ್ಕೇ ಅವಕಾಶವೆಂಬ ರೂಢಿ ಆಗಲೇ ಗಟ್ಟಿಯಾಯಿತು. ಚುಕ್ಕಿಗಳ ನಡುವಿನ ಒಂದು ಭಾಗ 63 ಅಕ್ಷರ ಮೀರುವಂತಿಲ್ಲ. ಲಕ್ಷಾಂತರ ಯಂತ್ರಗಳಲ್ಲಿ ಬೇರೂರಿದ ಈ ರೂಢಿಯನ್ನು ಕೀಳುವ ಬದಲು, ಅದರ ಮೇಲೆಯೇ ಇತರ ಲಿಪಿಗಳನ್ನು ಕೂರಿಸುವ ಉಪಾಯ 2003ರ ಮಾರ್ಚಿನಲ್ಲಿ ಮಾನ್ಯವಾಯಿತು. ಯಾವ ಯೂನಿಕೋಡ್ ಪದವನ್ನಾದರೂ ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳ ಸರಣಿಯಾಗಿ ಮಾರ್ಪಡಿಸುವ ವಿಧಾನವನ್ನು ಆ್ಯಡಮ್ ಕಾಸ್ಟೆಲೋ ಬರೆದರು. ಅದೇ ಪ್ಯೂನಿಕೋಡ್. ಹಾಗೆ ಮಾರ್ಪಟ್ಟ ಹೆಸರಿನ ಮುಂದೆ ಎಕ್ಸ್, ಎನ್ ಅಕ್ಷರಗಳೂ ಎರಡು ನಡುಗೆರೆಗಳೂ ಇರುತ್ತವೆ. ಇದು ಮೂಲದಲ್ಲಿ ಬೇರೆ ಲಿಪಿಯ ಹೆಸರು ಎಂಬ ಗುರುತು ಅದು. 2010ರ ಆಗಸ್ಟಿನಲ್ಲಿ ಹೊರಬಂದ ಹೊಸ ಆವೃತ್ತಿ, ಅದರ ಹೆಸರಿನಲ್ಲಿ ಮಾತ್ರ 2008 ಎಂದಿದೆ, ಯಾವ ಅಕ್ಷರಗಳಿಗೆ ಅವಕಾಶ ಎಂಬುದನ್ನು ಯೂನಿಕೋಡ್ ಗುಣಲಕ್ಷಣಗಳಿಂದಲೇ ನಿರ್ಧರಿಸುವಂತೆ ಮಾಡಿತು.

ಕನ್ನಡದಲ್ಲಿ ಬರೆದ ಕುರ್ಲಾ ಪದಕ್ಕೆ ಯೂನಿಕೋಡ್‌ನಲ್ಲಿ ಆರು ಸಂಕೇತ: ಕಕಾರ, ಉಕಾರದ ಗುಣಿತ ಚಿಹ್ನೆ, ರಕಾರ, ಸ್ವರವನ್ನು ಅಳಿಸುವ ವಿರಾಮ ಚಿಹ್ನೆ, ಲಕಾರ, ದೀರ್ಘದ ಚಿಹ್ನೆ. ಇದನ್ನು ಪ್ಯೂನಿಕೋಡ್‌ಗೆ ಇಳಿಸಿದರೆ, ಮುಂಗುರುತನ್ನು ಬಿಟ್ಟು, ಎನ್‌ಎಸ್‌ಸಿ8ಸಿಜಿ2ಸಿಎಂ7ಇ ಎಂಬ ಹನ್ನೊಂದು ಅಕ್ಷರಗಳ ಸರಣಿ ಬರುತ್ತದೆ. ಅದೇ ಹೆಸರನ್ನು ದೇವನಾಗರಿಯಲ್ಲಿ ಬರೆದು ಇಳಿಸಿದರೆ 11ಬಿ8ಸಿಜಿ2ಸಿಎಂ7ಇ. ತೆಲುಗಿನಲ್ಲಿ ಜೆಡ್‌ಓಸಿ8ಸಿಜಿ2ಸಿಎಂ7ಇ. ಮೂರರಲ್ಲೂ ಕೊನೆಯ ಎಂಟು ಅಕ್ಷರ ಒಂದೇ. ವ್ಯತ್ಯಾಸವೆಲ್ಲ ಮೊದಲ ಮೂರರಲ್ಲಿ. ಇದು ಕಾಕತಾಳೀಯವಲ್ಲ. ಯೂನಿಕೋಡ್ ಭಾರತೀಯ ಲಿಪಿಗಳ ವಿನ್ಯಾಸವನ್ನು ನಮ್ಮ ಇಸ್ಕಿ ಸಂಕೇತಪದ್ಧತಿಯಿಂದ ತೆಗೆದುಕೊಂಡಿತು. ಇಸ್ಕಿಯಲ್ಲಿ ಎಲ್ಲ ಲಿಪಿಗಳ ಕಕಾರಕ್ಕೂ ಒಂದೇ ಸ್ಥಾನ, ಎಲ್ಲ ಲಕಾರಕ್ಕೂ ಒಂದೇ ಸ್ಥಾನ. ಹಾಗಾಗಿ ಯೂನಿಕೋಡ್‌ನಲ್ಲಿ ದೇವನಾಗರಿಯ ಪ್ರತಿ ಅಕ್ಷರಕ್ಕೂ ಕನ್ನಡದ ಸಮಾನ ಅಕ್ಷರಕ್ಕೂ ನಡುವೆ ಸರಿಯಾಗಿ 896 ಸ್ಥಾನಗಳ ಅಂತರ; ತೆಲುಗು ಮತ್ತು ಕನ್ನಡದ ನಡುವೆ 128. ಪ್ಯೂನಿಕೋಡ್ ಮೊದಲ ಅಕ್ಷರದ ಸ್ಥಾನವನ್ನು ಒಮ್ಮೆ ಬರೆದುಕೊಂಡು ಉಳಿದವುಗಳ ಅಂತರವನ್ನಷ್ಟೇ ದಾಖಲಿಸುವುದರಿಂದ ಬಾಲ ಒಂದೇ ಆಗುತ್ತದೆ. ರಾಷ್ಟ್ರಸೂಚಕವಾದ ಡಾಟ್ ಭಾರತದಲ್ಲೂ ಇದು ಕಾಣುತ್ತದೆ: ಕನ್ನಡದ್ದು 2ಎಸ್‌ಸಿಆರ್‌ಜೆ9ಸಿ, ದೇವನಾಗರಿಯದು ಎಚ್‌2ಬಿಆರ್‌ಜೆ9ಸಿ, ಬಂಗಾಳಿಯದು 45ಬಿಆರ್‌ಜೆ9ಸಿ.

ಈ ವಿವರ ಪ್ರದರ್ಶನದ ಚರ್ಚೆಯ ಬುಡಕ್ಕೇ ತಾಗುತ್ತದೆ. ಅನುಮಾನ ಬಂದಾಗ ಪ್ಯೂನಿಕೋಡ್ ತೋರಿಸುವುದು ಸುರಕ್ಷಿತ, ಏಕೆಂದರೆ ಅಲ್ಲಿ ಎರಡು ಬೇರೆ ಹೆಸರುಗಳು ಒಂದೇ ಥರ ಕಾಣಲಾರವು ಎಂಬುದು ಬಹುತೇಕ ನಿಯಮಗಳ ಹಿಂದಿರುವ ನಂಬಿಕೆ. ಲ್ಯಾಟಿನ್ ಹೆಸರನ್ನು ನಿರೀಕ್ಷಿಸಿದ ಓದುಗನ ಮಟ್ಟಿಗೆ ಅದು ನಿಜ. ತನ್ನ ಬ್ಯಾಂಕಿನ ಹೆಸರಿರಬೇಕಾದಲ್ಲಿ ಗೋಜಲು ಕಂಡರೆ ಆತ ನಿಲ್ಲುತ್ತಾನೆ. ಆದರೆ ಕನ್ನಡದ ಹೆಸರನ್ನೇ ನಿರೀಕ್ಷಿಸಿದ ಓದುಗನ ಮುಂದೆ ಅಸಲಿಗೂ ಗೋಜಲು, ನಕಲಿಗೂ ಗೋಜಲು. ಮೇಲಿಂದ ಆ ಎರಡು ಗೋಜಲುಗಳ ಬಾಲವೂ ಒಂದೇ. ಹನ್ನೊಂದರಲ್ಲಿ ಎಂಟು ಅಕ್ಷರ ಹೊಂದುವ ಎರಡು ಸರಣಿಗಳನ್ನು ಬೇರ್ಪಡಿಸಲು ಅವನಿಗೆ ದಾರಿಯಿಲ್ಲ. ಭಾರತೀಯ ಲಿಪಿಗಳ ಓದುಗರಿಗೆ ಪ್ಯೂನಿಕೋಡ್ ರಕ್ಷಣೆಯಲ್ಲ, ಕುರುಡುತನ.

ಮೋಸದ ಚರಿತ್ರೆ, ಸುಧಾರಣೆಯ ಚರಿತ್ರೆ

ಒಂದೇ ಥರ ಕಾಣುವ ಬೇರೆ ಲಿಪಿಯ ಅಕ್ಷರಗಳಿಂದ ಮೋಸ ಮಾಡಬಹುದೆಂದು ಇಸ್ರೇಲಿನ ಎವ್ಗೆನಿ ಗ್ಯಾಬ್ರಿಲೋವಿಚ್ ಮತ್ತು ಅಲೆಕ್ಸ್ ಗೋಂಟ್ಮಾಖರ್ 2002ರಲ್ಲೇ ಎಚ್ಚರಿಸಿದ್ದರು. ಮೈಕ್ರೋಸಾಫ್ಟ್ ಹೆಸರಿನಲ್ಲಿ ಕೆಲವು ಅಕ್ಷರಗಳ ಬದಲು ರಷ್ಯನ್ ಭಾಷೆಯ ಸಿರಿಲಿಕ್ ಅಕ್ಷರ ಸೇರಿಸಿ ಅವರು ವಿಳಾಸವನ್ನು ನೋಂದಾಯಿಸಿಯೇ ತೋರಿಸಿದರು. ಜಗತ್ತು ಕಿವಿಗೊಟ್ಟಿದ್ದು 2005ರ ಫೆಬ್ರವರಿಯಲ್ಲಿ, ಶ್ಮೂ ಎಂಬ ತಂಡ ಪೇಪಾಲ್ ಹೆಸರಿನ ಒಂದು ಅಕ್ಷರವನ್ನು ಇದೇ ರೀತಿ ಬದಲಿಸಿ ತೋರಿಸಿದಾಗ. ಬ್ರೌಸರ್‌ಗಳ ಅಂದಿನ ಪ್ರತಿಕ್ರಿಯೆ ಒರಟಾಗಿತ್ತು: ಫೈರ್‌ಫಾಕ್ಸ್ ಎಲ್ಲ ದೇಶಭಾಷಾ ಹೆಸರುಗಳನ್ನೂ ಪ್ಯೂನಿಕೋಡ್‌ಗೆ ಇಳಿಸಿತು. ಬಳಿಕ, ವಿಳಾಸದ ಕೊನೆಯ ಚುಕ್ಕಿಯ ನಂತರ ಬರುವ ತುದಿಭಾಗಗಳಲ್ಲಿ ನೋಂದಣಿಯ ಶಿಸ್ತು ಪಾಲಿಸುವವುಗಳ ಒಂದು ಪಟ್ಟಿ ಮಾಡಿ ಅವಕ್ಕಷ್ಟೇ ಲಿಪಿರೂಪ ಕೊಟ್ಟಿತು. 2013ರಲ್ಲಿ ಆ ಪಟ್ಟಿಯ ಜೊತೆಗೆ, ಹೆಸರಿನ ಅಕ್ಷರಗಳನ್ನೇ ಪರೀಕ್ಷಿಸುವ ನಿಯಮ ತಂದಿತು.

ಕ್ರೋಮ್ ಹಿಡಿದ ದಾರಿ ಬೇರೆ. ಬಳಕೆದಾರ ತನ್ನ ಬ್ರೌಸರಿನಲ್ಲಿ ಯಾವ ಭಾಷೆಗಳನ್ನು ಆರಿಸಿಕೊಂಡಿದ್ದಾನೋ ಆ ಭಾಷೆಗಳ ಲಿಪಿಯಾದರೆ ತೋರಿಸುವುದು, ಇಲ್ಲದಿದ್ದರೆ ಸಂಕೇತ. ಕೇಳಲು ಸಮಂಜಸ. ಆದರೆ ಭಾರತದಲ್ಲಿ ಕಂಪ್ಯೂಟರನ್ನು ಇಂಗ್ಲಿಷಿನಲ್ಲಿಟ್ಟುಕೊಂಡು ಕನ್ನಡ ಓದುವವರೇ ಹೆಚ್ಚು. ಸೈಬರ್ ಕೆಫೆಯ, ಕಚೇರಿಯ, ಮಗನ ಫೋನಿನ ಭಾಷೆ ಓದುಗನ ಭಾಷೆಯಲ್ಲ. ಇಂಗ್ಲಿಷ್ ಯಂತ್ರದ ಮುಂದೆ ಕೂತ ಕನ್ನಡಿಗನಿಗೆ ಕನ್ನಡ ವಿಳಾಸ ಕಾಣದಂತೆ ಮಾಡಿದ ಆ ನಿಯಮವನ್ನು ಕ್ರೋಮ್ 2016ರಲ್ಲಿ ತನ್ನ 51ನೆಯ ಆವೃತ್ತಿಯಿಂದ ಕೈಬಿಟ್ಟು, ಭಾಷಾ ಆಯ್ಕೆಗೆ ಸಂಬಂಧವಿಲ್ಲದ ಪರೀಕ್ಷೆಗಳಿಗೆ ಬಂದಿತು. ಇದು ಸರಿಯಾದ ತಿದ್ದುಪಡಿ.

2017ರ ಏಪ್ರಿಲಿನಲ್ಲಿ ಶುಡಾಂಗ್ ಜೆಂಗ್ ಎಂಬ ಸಂಶೋಧಕ ಆ್ಯಪಲ್ ಹೆಸರನ್ನು ಪೂರ್ತಿಯಾಗಿ ಸಿರಿಲಿಕ್ ಅಕ್ಷರಗಳಲ್ಲೇ ಬರೆದು ನೋಂದಾಯಿಸಿದರು. ಲಿಪಿ ಬೆರಕೆ ಇಲ್ಲದ್ದರಿಂದ ಬೆರಕೆಯನ್ನಷ್ಟೇ ಹುಡುಕುವ ಪರೀಕ್ಷೆಗಳು ಅದನ್ನು ಬಿಟ್ಟುಕೊಟ್ಟವು. ಕ್ರೋಮ್ ಕೂಡಲೇ ನಿಯಮ ಬಿಗಿಗೊಳಿಸಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ, ಇದನ್ನು ತಡೆಯಬೇಕಾದವರು ಹೆಸರು ಮಾರುವ ನೋಂದಣಿದಾರರು, ಬ್ರೌಸರ್ ಒಂದು ಲಿಪಿಯನ್ನು ಇನ್ನೊಂದಕ್ಕಿಂತ ಕೀಳಾಗಿ ಕಾಣಬಾರದು ಎಂಬ ನಿಲುವಿಗೆ ಅಂಟಿಕೊಂಡಿತು. ಎರಡೂ ನಿಲುವಿಗೆ ಟೀಕೆ ಬಂದಿದೆ. ಮೊಜಿಲ್ಲಾದ ಮಾತಿನಲ್ಲಿ ಒಂದು ಮೂಲಭೂತ ನ್ಯಾಯವಿದೆ: ಸಿರಿಲಿಕ್ ಓದುಗ ತನ್ನ ಲಿಪಿ ಲ್ಯಾಟಿನ್‌ನಂತೆ ಕಾಣುತ್ತದೆಂಬ ಕಾರಣಕ್ಕೆ ದಂಡ ತೆರಬೇಕಿಲ್ಲ.

ಇಂದಿನ ಪರೀಕ್ಷೆಗಳು

ಬಹುತೇಕ ಬ್ರೌಸರ್‌ಗಳು ಯೂನಿಕೋಡ್ ಒಕ್ಕೂಟದ 39ನೆಯ ತಾಂತ್ರಿಕ ಮಾನದಂಡವನ್ನು ಆಧರಿಸುತ್ತವೆ. ಅದು ಹೆಸರುಗಳನ್ನು ಬರಿಯ ಲ್ಯಾಟಿನ್ ಮೂಲಾಕ್ಷರ, ಒಂದೇ ಲಿಪಿ, ಅತಿ ಕಟ್ಟುನಿಟ್ಟು, ಮಧ್ಯಮ, ಸಡಿಲ, ಮುಕ್ತ ಎಂದು ಮಟ್ಟಗಳಲ್ಲಿ ವಿಂಗಡಿಸುತ್ತದೆ. ಅತಿ ಕಟ್ಟುನಿಟ್ಟಿನ ಮಟ್ಟದಲ್ಲಿ ಲ್ಯಾಟಿನ್ ಜೊತೆ ಬೆರೆಯಲು ಚೀನಿ, ಜಪಾನಿ, ಕೊರಿಯನ್ ಬರವಣಿಗೆಗೆ ಮಾತ್ರ ಅನುಮತಿ. ಕನ್ನಡ ಮತ್ತು ಲ್ಯಾಟಿನ್ ಒಂದೇ ಭಾಗದೊಳಗೆ ಬೆರೆತರೆ ಲಿಪಿರೂಪ ಸಿಗದು. ಚುಕ್ಕಿಯ ಆಚೀಚೆ ಬೇರೆ ಬೇರೆ ಭಾಗಗಳಲ್ಲಿದ್ದರೆ ಅಡ್ಡಿಯಿಲ್ಲ. ಇದರ ಜೊತೆಗೆ ಒಂದೇ ಥರ ಕಾಣುವ ಅಕ್ಷರಗಳ ದೊಡ್ಡ ಕೋಷ್ಟಕವೊಂದಿದೆ. ಎರಡು ಹೆಸರುಗಳನ್ನು ಕೋಷ್ಟಕದ ಪ್ರಕಾರ ಒಂದೇ ಅಸ್ಥಿಪಂಜರಕ್ಕೆ ಇಳಿಸಿ ಹೋಲಿಸುವುದು ವಿಧಾನ. ಜನಪ್ರಿಯ ತಾಣಗಳ ಅಸ್ಥಿಪಂಜರಕ್ಕೆ ಹೊಂದುವ ಹೆಸರುಗಳನ್ನು ಕ್ರೋಮ್ ಸಂಕೇತಕ್ಕೆ ಇಳಿಸುತ್ತದೆ. ನೀವು ಹೋಗಬೇಕೆಂದಿದ್ದು ಇಂಥ ತಾಣಕ್ಕೋ ಎಂದು ಕೇಳುವ ಎಚ್ಚರಿಕೆ ಪುಟವನ್ನೂ ಅದು ಸೇರಿಸಿಕೊಂಡಿದೆ.

ಸಫಾರಿ ಮತ್ತು ಅದರೊಳಗಿನ ವೆಬ್‌ಕಿಟ್ ಯಂತ್ರದ ಕಥೆ ಕನ್ನಡಿಗರು ಗಮನಿಸಲೇಬೇಕಾದದ್ದು. ವೆಬ್‌ಕಿಟ್‌ನ ಬಹಿರಂಗ ಮೂಲಸಂಕೇತದಲ್ಲಿ ವರ್ಷಗಟ್ಟಲೆ ಇದ್ದುಬಂದಿರುವುದು ಅನುಮತಿಸಿದ ಲಿಪಿಗಳ ಒಂದು ಪಟ್ಟಿ. ಲ್ಯಾಟಿನ್‌ನಂತೆ ಕಾಣುವ ಸಿರಿಲಿಕ್, ಗ್ರೀಕ್ ಲಿಪಿಗಳನ್ನು ಹೊರಗಿಡುವುದು ಅದರ ಉದ್ದೇಶ. ಭಾರತದ ಲಿಪಿಗಳಲ್ಲಿ ದೇವನಾಗರಿ, ಗುಜರಾತಿ, ಗುರುಮುಖಿ, ತಮಿಳು ಆ ಪಟ್ಟಿಯಲ್ಲಿವೆ. ಕನ್ನಡ ಇಲ್ಲ, ತೆಲುಗು, ಮಲಯಾಳಂ, ಬಂಗಾಳಿ, ಒಡಿಯಾ ಕೂಡ ಇಲ್ಲ. ಆ ಪಟ್ಟಿಯ ಪ್ರಕಾರ ದೇವನಾಗರಿಯ ಕುರ್ಲಾ ಕುರ್ಲಾ ಆಗಿಯೇ ಕಾಣುತ್ತದೆ, ಕನ್ನಡದ ಕುರ್ಲಾ ಸಂಕೇತಸರಣಿಯಾಗುತ್ತದೆ. ಕನ್ನಡದ ಅಕ್ಷರಗಳು ಲ್ಯಾಟಿನ್ ಅಕ್ಷರಗಳನ್ನು ಹೋಲುವ ಅಪಾಯ ದೇವನಾಗರಿಗಿಂತ ಹೆಚ್ಚೇನಿಲ್ಲ. ಎದ್ದುಕಾಣುವ ಜೋಡಿಯೆಂದರೆ ಕನ್ನಡದ ಸೊನ್ನೆ ಅಂಕಿ ಮತ್ತು ಲ್ಯಾಟಿನ್‌ನ ಓ ಅಕ್ಷರ, ಅದೂ ಬೆರಕೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಪಟ್ಟಿಯಿಂದ ಹೊರಗಿರಲು ಕನ್ನಡಕ್ಕೆ ಭದ್ರತೆಯ ಕಾರಣ ಕಾಣದು. ಲಿಪಿಯನ್ನು ಹೆಸರಿಸಿ ಒಳಬಿಡುವ ಪಟ್ಟಿಗಳ ಮೂಲ ದೋಷವೇ ಇದು: ಮರೆತುಹೋದ ಲಿಪಿಯೂ ನಿಷೇಧಿತ ಲಿಪಿಯೂ ಅಲ್ಲಿ ಒಂದೇ ಆಗುತ್ತವೆ.

ಕನ್ನಡದ ಒಳಗಿನ ತೊಡಕುಗಳು

ಲಿಪಿಯ ಬೆರಕೆಯನ್ನು ತಡೆದರೆ ಸಾಲದು ಎನ್ನುವುದಕ್ಕೆ ಕನ್ನಡದಲ್ಲೇ ಸಾಕಷ್ಟು ನಿದರ್ಶನಗಳಿವೆ. ಕುರ್ಲಾ ಎಂಬ ಹೆಸರೇ ಮೊದಲನೆಯದು. ರಕಾರ ಮೊದಲು ಬಂದು ಲಕಾರಕ್ಕೆ ಸೇರುವಾಗ ಅಚ್ಚಿನಲ್ಲಿ ಅರ್ಕಾವೊತ್ತು ಮೂಡಿ ಅಕ್ಷರದ ಬಲಕ್ಕೆ ನಿಲ್ಲುತ್ತದೆ. ಆ ಅರ್ಕಾವೊತ್ತಿನ ಆಕಾರಕ್ಕೂ ಕನ್ನಡದ ಒಂಬತ್ತು ಅಂಕಿಗೂ ಹೆಚ್ಚಿನ ಅಕ್ಷರವಿನ್ಯಾಸಗಳಲ್ಲಿ ವ್ಯತ್ಯಾಸವೇ ಇಲ್ಲ. ಕುರ್ಲಾ ಎಂದು ಸರಿಯಾಗಿ ಬರೆದದ್ದನ್ನೂ ಕುಲಾ೯ ಎಂದು ಒಂಬತ್ತು ಅಂಕಿ ಹಾಕಿ ಬರೆದದ್ದನ್ನೂ ಅಕ್ಕಪಕ್ಕ ಇಟ್ಟರೆ ಮಾತ್ರ ಅನುಮಾನ ಬಂದೀತು. ಜಾಲದಲ್ಲಿ ಕಾಯ೯ಕ್ರಮ ಎಂದು ಅಂಕಿ ಸೇರಿಸಿ ಬರೆದದ್ದು ಎಷ್ಟೋ ಕಡೆ ಕಾಣಸಿಗುತ್ತದೆ. ಬರೆದವರಿಗೂ ಓದಿದವರಿಗೂ ಅದು ತಪ್ಪೆಂದು ಹೊಳೆದಿರುವುದಿಲ್ಲ. ಒಂಬತ್ತು ಅಂಕಿ ಕನ್ನಡ ಲಿಪಿಗೇ ಸೇರಿದ್ದು, ಆದ್ದರಿಂದ ಒಂದೇ ಲಿಪಿಯ ಪರೀಕ್ಷೆ ಇದನ್ನು ಹಿಡಿಯದು. ಅರ್ಕಾವೊತ್ತಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತವಿಲ್ಲ, ಅದು ಫಾಂಟು ಕಟ್ಟಿಕೊಡುವ ರೂಪ. ಆದ್ದರಿಂದ ಸಂಕೇತಕ್ಕೆ ಸಂಕೇತ ಹೋಲಿಸುವ ಕೋಷ್ಟಕಕ್ಕೂ ಇಂಥ ಜೋಡಿ ಸುಲಭದಲ್ಲಿ ಸಿಕ್ಕದು.

ಎರಡನೆಯದು ಅನುಸ್ವಾರ. ಬಂಟ ಎಂದು ಅನುಸ್ವಾರ ಹಾಕಿ ಬರೆದರೂ, ಬ೦ಟ ಎಂದು ಸೊನ್ನೆ ಅಂಕಿ ಹಾಕಿ ಬರೆದರೂ ತೆರೆಯ ಮೇಲೆ ಕಾಣುವುದು ಒಂದೇ. ಕುರ್ಲಾದ ಬಂಟರ ಸಂಘದಂಥ ಸಂಸ್ಥೆಯ ಹೆಸರಿನಲ್ಲಿ ಎರಡು ಅನುಸ್ವಾರಗಳಿವೆ. ಕನ್ನಡದಲ್ಲಿ ವಿಳಾಸ ಪಡೆಯುವ ಯಾವುದೇ ಸಂಘ, ಬ್ಯಾಂಕು, ಪಂಚಾಯತಿ ಈ ನಕಲಿಗೆ ತೆರೆದುಕೊಂಡಿರುತ್ತದೆ. ದೇಶಭಾಷಾ ಹೆಸರಿನ 2008ರ ನಿಯಮಾವಳಿ ಕನ್ನಡ ಅಂಕಿಗಳನ್ನು ತಡೆಯುವುದಿಲ್ಲ. ಎರಡು ಅಕ್ಷರಗಳ ನಡುವೆ ಸಿಕ್ಕ ಕನ್ನಡದ ಸೊನ್ನೆ, ಅಕ್ಷರಕ್ಕೆ ಅಂಟಿದ ಕನ್ನಡದ ಒಂಬತ್ತು ಇವನ್ನು ತಂತ್ರಾಂಶ ಶಂಕಿಸಲೇಬೇಕು. ಅದಕ್ಕಿಂತ ಮೇಲು, ನೋಂದಣಿಯ ಹಂತದಲ್ಲೇ ಅಕ್ಷರಗಳ ಜೊತೆ ಕನ್ನಡ ಅಂಕಿಗಳನ್ನು ಬೆರೆಸಲು ಬಿಡದಿರುವುದು; ವಿಳಾಸಕ್ಕೆ ಸಂಖ್ಯೆ ಬೇಕಾದವರಿಗೆ 0ಯಿಂದ 9ರ ಅಂತಾರಾಷ್ಟ್ರೀಯ ಅಂಕಿಗಳು ಇದ್ದೇ ಇವೆ. ಕನ್ನಡ ಅಂಕಿಗಳ ಬಗ್ಗೆ ಅಭಿಮಾನವಿರುವವರಿಗೆ ಈ ಮಾತು ಹಿಡಿಸಲಾರದು, ಆದರೂ ಹೇಳಬೇಕಾದದ್ದು.

ಮೂರನೆಯದು ತೆಲುಗಿನ ನೆರೆಹೊರೆ. ಎರಡೂ ಲಿಪಿಗಳು ಒಂದೇ ಬೇರಿನವು. ಜ, ಲ, ರ ಮುಂತಾದ ಅಕ್ಷರಗಳೂ ಅನುಸ್ವಾರವೂ ಇಂದಿಗೂ ಹೆಚ್ಚುಕಡಿಮೆ ಒಂದೇ. ಜಲ ಎಂಬ ಪದವನ್ನು ಪೂರ್ತಿ ಕನ್ನಡದಲ್ಲಿ ಬರೆದರೂ ಪೂರ್ತಿ ತೆಲುಗಿನಲ್ಲಿ ಬರೆದರೂ ಓದುಗನಿಗೆ ಗೊತ್ತಾಗದು. ಇದು 2017ರ ಆ್ಯಪಲ್ ಪ್ರಸಂಗದ ದಕ್ಷಿಣ ಭಾರತದ ರೂಪ. ಕುರ್ಲಾ ಇದರಿಂದ ಪಾರು, ಏಕೆಂದರೆ ಎರಡು ಲಿಪಿಗಳ ಕಕಾರವೂ ಬೇರೆ, ತೆಲುಗಿನ ಇಂದಿನ ಬರಹದಲ್ಲಿ ಅರ್ಕಾವೊತ್ತಿನ ರೂಢಿಯೂ ಇಲ್ಲ. ರಾಷ್ಟ್ರಸೂಚಕ ಭಾರತವೂ ಪಾರು: ತೆಲುಗಿನದು ವಿರಾಮದೊಂದಿಗೆ ಮುಗಿಯುತ್ತದೆ.

ನಾಲ್ಕನೆಯದು ಕಣ್ಣಿಗೆ ಕಾಣದ ಜೋಡಕ ಸಂಕೇತಗಳು. ರಾಜ್‌ಕುಮಾರ್ ಎಂದು ಜಕಾರವನ್ನು ಬಿಡಿಸಿ ತೋರಿಸಬೇಕಾದರೆ ನಡುವೆ ಒಂದು ಶೂನ್ಯಗಾತ್ರದ ಬೇರ್ಪಡಕ ಬೇಕು; ಇಲ್ಲದಿದ್ದರೆ ಕಕಾರ ಒತ್ತಾಗಿ ಕೆಳಗಿಳಿಯುತ್ತದೆ. 2003ರ ನಿಯಮ ಅದನ್ನು ಹೆಸರಿನಿಂದ ಅಳಿಸಿಹಾಕುತ್ತಿತ್ತು. 2008ರ ನಿಯಮ ವಿರಾಮದ ನಂತರ ಬಂದರೆ ಉಳಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಕೊಂಡಿ ಹಳೆಯ ತಂತ್ರಾಂಶದಲ್ಲಿ ಒಂದು ವಿಳಾಸಕ್ಕೂ ಹೊಸದರಲ್ಲಿ ಇನ್ನೊಂದಕ್ಕೂ ಒಯ್ಯಬಲ್ಲದು. ಎರಡು ನಿಯಮಗಳ ನಡುವೆ ಹೀಗೆ ಅರ್ಥ ಬದಲಾದ ಸಂಕೇತಗಳು ಜಗತ್ತಿನಲ್ಲಿ ನಾಲ್ಕೇ. ಅವುಗಳಲ್ಲಿ ಎರಡು ಈ ಬೇರ್ಪಡಕ ಮತ್ತು ಅದರ ಜೊತೆಗಾರನಾದ ಶೂನ್ಯಗಾತ್ರದ ಜೋಡಕ. ರ‍್ಯಾಂಕ್ ಎಂಬ ಪದದ ಪಾಡು ಇನ್ನೂ ಕಷ್ಟ. ಅಲ್ಲಿ ರಕಾರ ಪೂರ್ಣವಾಗಿ ಉಳಿದು ಯಕಾರ ಒತ್ತಾಗಬೇಕಾದರೆ ಕನ್ನಡದಲ್ಲಿ ಜೋಡಕವನ್ನು ವಿರಾಮಕ್ಕಿಂತ ಮೊದಲು ಇಡಬೇಕು. ವಿಳಾಸದ ನಿಯಮವಾದರೋ ಜೋಡಕ ವಿರಾಮದ ನಂತರವೇ ಬರಬೇಕೆನ್ನುತ್ತದೆ. ಆದ್ದರಿಂದ ರ‍್ಯಾಂಕ್, ರ‍್ಯಾಲಿ ಮುಂತಾದ ಪದಗಳು ಕನ್ನಡಿಗರು ಬರೆಯುವ ರೂಪದಲ್ಲಿ ವಿಳಾಸವಾಗಲಾರವು. ಜೋಡಕ ಬಿಟ್ಟು ಬರೆದರೆ ಅರ್ಕಾವೊತ್ತು ಬಂದು ಓದಲು ತೊಡರುತ್ತವೆ. ನಿಯಮ ರೂಪಿಸಿದವರು ಭಾರತೀಯ ಲಿಪಿಗಳನ್ನು ಎಣಿಕೆಗೆ ತಂದುಕೊಂಡರು ನಿಜ, ಆದರೆ ಕನ್ನಡದ ಈ ರೂಢಿ ಅವರ ಲೆಕ್ಕಕ್ಕೆ ಬಂದಂತಿಲ್ಲ.

ಒಂದು ತೊಡಕು ಮಾತ್ರ ಚೆನ್ನಾಗಿ ಬಗೆಹರಿದಿದೆ. ಕೊ, ಕೋ, ಕೀ, ಕೇ, ಕೈಗಳ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ದಾಖಲಿಸಬಹುದು. ನೋಂದಣಿಗೆ ಮೊದಲು ಎಲ್ಲವನ್ನೂ ಕೂಡಿದ ರೂಪಕ್ಕೆ ತರಬೇಕೆಂಬ ಷರತ್ತು ಇರುವುದರಿಂದ ಇವುಗಳಿಂದ ಎರಡು ವಿಳಾಸ ಹುಟ್ಟುವುದಿಲ್ಲ.

ನೋಂದಣಿಯ ಹೊಣೆ

ಜಗತ್ತಿನ ಮೊದಲ ದೇಶಭಾಷಾ ರಾಷ್ಟ್ರಸೂಚಕಗಳು 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನಗಳಿಗೆ ಅರಬ್ಬಿಯಲ್ಲಿ ದೊರೆತವು. ಭಾರತಕ್ಕೆ ಮೊದಲ ಸುತ್ತಿನಲ್ಲಿ ಏಳು ಸಿಕ್ಕವು: ದೇವನಾಗರಿ, ಬಂಗಾಳಿ, ಗುಜರಾತಿ, ಗುರುಮುಖಿ, ತಮಿಳು, ತೆಲುಗು, ಉರ್ದು. ದೇವನಾಗರಿಯ ಡಾಟ್ ಭಾರತ 2014ರ ಆಗಸ್ಟಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕುರ್ಲಾದ ಮರಾಠಿ ಓದುಗನಿಗೆ ಅಂದೇ ತನ್ನ ಲಿಪಿಯಲ್ಲಿ ವಿಳಾಸ ಸಾಧ್ಯವಾಯಿತು. ಕನ್ನಡ ಬಂದದ್ದು ಎರಡನೆಯ ಸುತ್ತಿನಲ್ಲಿ, ಮಲಯಾಳಂ, ಒಡಿಯಾ, ಅಸ್ಸಾಮಿ, ಸಂಸ್ಕೃತ, ಕಾಶ್ಮೀರಿ, ಸಿಂಧಿ, ಸಂತಾಲಿಗಳ ಜೊತೆ. ಈಗ 22 ಅನುಸೂಚಿತ ಭಾಷೆಗಳಿಗೆ ಒಟ್ಟು 15 ಸೂಚಕಗಳಿವೆ.

ವಿಳಾಸದ ತುದಿಭಾಗಗಳಿಗಾಗಿ, ಡೊಮೈನ್ ಹೆಸರುಗಳ ಜಾಗತಿಕ ಉಸ್ತುವಾರಿ ಹೊತ್ತ ಐಕ್ಯಾನ್ ಸಂಸ್ಥೆ ಲಿಪಿವಾರು ನಿಯಮಗಳನ್ನು ಬರೆಸಿತು. ಕನ್ನಡವೂ ಸೇರಿ ಒಂಬತ್ತು ಲಿಪಿಗಳ ಕೆಲಸ ನವ ಬ್ರಾಹ್ಮೀ ಹೆಸರಿನ ತಂಡಕ್ಕೆ ಬಿತ್ತು. ಕನ್ನಡದ ಕಡೆಯಿಂದ ಯು.ಬಿ. ಪವನಜ ಅದರಲ್ಲಿ ದುಡಿದರು. ತುಳು, ಕೊಡವ, ಕೊಂಕಣಿ, ಬ್ಯಾರಿ ಭಾಷೆಗಳೂ ಈ ಲಿಪಿಯನ್ನೇ ಬಳಸುತ್ತವೆಂಬುದನ್ನು ಪರಿಗಣಿಸಿ ಅಕ್ಷರಗಳನ್ನು ಆಯ್ದುಕೊಂಡದ್ದು ಮುಂಬಯಿಯ ತುಳುವರಿಗೂ ಸಲ್ಲುವ ಕೆಲಸ. ಕನ್ನಡ–ತೆಲುಗು ಸಮಾನರೂಪಿ ಅಕ್ಷರಗಳನ್ನು ಪರ್ಯಾಯಗಳೆಂದು ಗುರುತಿಸಿ, ಒಂದು ಲಿಪಿಯ ಹೆಸರು ನೋಂದಣಿಯಾದರೆ ಅದರ ಇನ್ನೊಂದು ಲಿಪಿಯ ಜೋಡಿಗೆ ಬಾಗಿಲು ಮುಚ್ಚುವಂತೆ ಮಾಡಲಾಯಿತು. ಅಂಕಿಗಳನ್ನೂ ಜೋಡಕಗಳನ್ನೂ ಪೂರ್ತಿ ಕೈಬಿಡಲಾಯಿತು. 2019ರ ಜುಲೈನಲ್ಲಿ ಹೊರಬಂದ ಮೂರನೆಯ ಆವೃತ್ತಿಯಲ್ಲಿ ಕನ್ನಡ ಸೇರಿತು. ಇದು ತುದಿಭಾಗಕ್ಕೆ ಮಾತ್ರ ಅನ್ವಯಿಸುವ ಕಟ್ಟಳೆ. ಜನ ನಿಜವಾಗಿ ಹೆಸರು ಪಡೆಯುವ ಎರಡನೆಯ ಭಾಗದಲ್ಲಿ ಆಯಾ ನೋಂದಣಿ ಸಂಸ್ಥೆಯ ಶಿಸ್ತೇ ಗತಿ. ಡಾಟ್ ಕಾಮ್‌ನಡಿ ಕನ್ನಡ ಹೆಸರು ಕೊಳ್ಳುವವನಿಗೆ ಡಾಟ್ ಭಾರತದ ನಿಯಮಗಳು ತಾಗುವುದಿಲ್ಲ. ಬ್ರೌಸರಿನ ಕೆಲಸ ಉಳಿಯುವುದು ಇದೇ ಕಾರಣಕ್ಕೆ.

ಭಾರತೀಯ ರಿಸರ್ವ್ ಬ್ಯಾಂಕು 2025ರ ಫೆಬ್ರವರಿಯಲ್ಲಿ ದೇಶದ ಬ್ಯಾಂಕುಗಳಿಗೆಂದೇ ಬ್ಯಾಂಕ್ ಡಾಟ್ ಇನ್ ಎಂಬ ಪ್ರತ್ಯೇಕ ವಿಭಾಗ ಘೋಷಿಸಿ, ಆ ವರ್ಷದ ಅಕ್ಟೋಬರ್ 31ರೊಳಗೆ ಅಲ್ಲಿಗೆ ಹೋಗಬೇಕೆಂದು ಸೂಚಿಸಿತು. ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಯಾದ ಐಡಿಆರ್‌ಬಿಟಿಯೊಂದೇ ಅದರ ನೋಂದಣಿದಾರ. ಅಡ್ಡಾದಿಡ್ಡಿ ವಿಳಾಸಗಳ ಮೋಸಕ್ಕೆ ಇದು ಬಲವಾದ ಉತ್ತರ. ಆದರೆ ಆ ಹೆಸರು ಲ್ಯಾಟಿನ್ ಲಿಪಿಯದು. ಬಾಂದ್ರಾ–ಕುರ್ಲಾ ಸಂಕೀರ್ಣದ ಬ್ಯಾಂಕಿನಲ್ಲಿ ಖಾತೆಯಿರುವ, ಕನ್ನಡವನ್ನೋ ಮರಾಠಿಯನ್ನೋ ಮಾತ್ರ ಓದಬಲ್ಲ ಗ್ರಾಹಕನಿಗೆ ತನ್ನ ಹಣದ ವಿಳಾಸ ಇನ್ನೂ ಪರಲಿಪಿಯಲ್ಲೇ ಇದೆ. ನಕಲನ್ನು ಗುರುತಿಸಬೇಕಾದವನಿಗೆ ಅಸಲನ್ನೇ ಓದಲು ಬಾರದ ಸ್ಥಿತಿ ಇದು.

ಹೇಗೆ ತೋರಿಸಬೇಕು

ಯೂನಿಕೋಡ್ ಸಾಮಾನ್ಯ ಬಳಕೆಗೆ ಶಿಫಾರಸು ಮಾಡಿದ ಯಾವುದೇ ಒಂದೇ ಲಿಪಿಯ ಹೆಸರನ್ನು, ಬಳಕೆದಾರನ ಭಾಷಾ ಆಯ್ಕೆ ಏನೇ ಇರಲಿ, ಲಿಪಿಯಲ್ಲೇ ತೋರಿಸುವುದು ಮೊದಲ ಅಗತ್ಯ. ಶಂಕೆ ಬಂದ ಹೆಸರಿಗೆ ಬರಿಯ ಪ್ಯೂನಿಕೋಡ್ ಸಾಲದು. ಲಿಪಿರೂಪವನ್ನೂ ಇಟ್ಟು, ಅದರ ಪಕ್ಕದಲ್ಲಿ ಇದು ತೆಲುಗು ಲಿಪಿಯ ಹೆಸರು ಎಂದೋ ಇದರಲ್ಲಿ ಅನುಸ್ವಾರದ ಜಾಗದಲ್ಲಿ ಅಂಕಿ ಇದೆ ಎಂದೋ ಓದುಗನ ಭಾಷೆಯಲ್ಲಿ ಒಂದು ಸಾಲು ಹೇಳಿದರೆ ಆತ ತೀರ್ಮಾನಿಸಬಲ್ಲ. ಗೋಜಲು ಸರಣಿ ಅವನಿಗೆ ಏನೂ ಹೇಳುವುದಿಲ್ಲ.

ವಿಳಾಸಪಟ್ಟಿಯ ಅಗಲ ಸಾಲದಾಗ ಎಲ್ಲಿ ಕತ್ತರಿಸಬೇಕೆಂಬುದೂ ಭದ್ರತೆಯ ಪ್ರಶ್ನೆಯೇ. ಮೋಸಗಾರರು ಪರಿಚಿತ ಹೆಸರನ್ನು ಎಡತುದಿಯಲ್ಲಿ ಉದ್ದವಾಗಿ ಪೇರಿಸಿ ನಿಜವಾದ ಒಡೆತನದ ಭಾಗವನ್ನು ಬಲಕ್ಕೆ ತಳ್ಳುತ್ತಾರೆ. ವಾಟ್‌ವಿಜಿ ಎಂಬ ಜಾಲ ಮಾನದಂಡ ಗುಂಪಿನ ವಿಳಾಸ ನಿಯಮಾವಳಿ, ಭದ್ರತೆ ಮುಖ್ಯವಾದ ಕಡೆ ನೋಂದಾಯಿತ ಭಾಗವನ್ನು ಎದ್ದುತೋರಿಸಲು ಹೇಳುತ್ತದೆ. ಕನ್ನಡಕ್ಕೆ ಇನ್ನೊಂದು ಎಚ್ಚರಿಕೆ ಸೇರಬೇಕು: ಕತ್ತರಿಸುವ ಜಾಗ ಪೂರ್ಣ ಅಕ್ಷರದ ಗಡಿಯಲ್ಲೇ ಇರಬೇಕು. ಒತ್ತಕ್ಷರದ ನಡುವೆ ತುಂಡಾದರೆ ಕುರ್ಲಾ ಕುರ್ ಆಗಿ ಬೇರೆಯೇ ಹೆಸರಿನಂತೆ ಕಾಣುತ್ತದೆ. ಲ್ಯಾಟಿನ್ ಎತ್ತರಕ್ಕೆ ಅಳೆದ ಪಟ್ಟಿಗಳಲ್ಲಿ ಸಾಲಿನ ಕೆಳಗಿಳಿಯುವ ಒತ್ತುಗಳು ಕೊಯ್ದುಹೋಗುತ್ತವೆ. ಪಕ್ಕ ಮತ್ತು ಪಕ ನಡುವಿನ ಭೇದ ಆ ಕೆಳಗಿನ ಕೆಲವು ಚುಕ್ಕೆಗಳಲ್ಲೇ ಇರುವುದರಿಂದ ವಿಳಾಸಪಟ್ಟಿಗೆ ಎತ್ತರವೂ, ಅನುಸ್ವಾರಕ್ಕೂ ಸೊನ್ನೆಗೂ ಗಾತ್ರಭೇದ ತೋರುವ ಫಾಂಟೂ ಬೇಕು.

ಉರ್ದುವಿನ ಸಮಸ್ಯೆ ದಿಕ್ಕಿನದು. ಬಲದಿಂದ ಎಡಕ್ಕೆ ಓದುವ ಎರಡು ಭಾಗಗಳ ನಡುವೆ ಚುಕ್ಕಿ ಬಂದಾಗ ಯೂನಿಕೋಡ್‌ನ ದಿಕ್ಕಿನ ನಿಯಮ ಇಡೀ ಸಾಲನ್ನೇ ತಿರುಗಿಸಿ, ಒಡೆತನದ ಭಾಗ ಎಡಕ್ಕೆ ಹೋಗಿಬಿಡುತ್ತದೆ. ಅದರಲ್ಲಿ ಒಂದು ಲ್ಯಾಟಿನ್ ಭಾಗ ಸೇರಿದರೆ ಯಾವುದು ಯಾರ ಮುಂದೆ ಎಂದು ತಿಳಿಯದಾಗುತ್ತದೆ. ವಾಟ್‌ವಿಜಿಯ ಸೂಚನೆ, ವಿಳಾಸವನ್ನು ಎಡದಿಂದ ಬಲಕ್ಕೆ ಸಾಗುವ ಚೌಕಟ್ಟಿನಲ್ಲೇ ಇಡಬೇಕೆಂದು. ಅಷ್ಟರಿಂದ ಉರ್ದು ಓದುಗನ ಗೊಂದಲ ತೀರದು. ಭಾಗಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ, ಒಡೆತನದ ಭಾಗಕ್ಕೆ ಬಣ್ಣ ಕೊಟ್ಟರೆ ದಿಕ್ಕು ಯಾವುದಾದರೂ ಕಣ್ಣು ಅಲ್ಲಿ ನಿಲ್ಲುತ್ತದೆ.

ಇಷ್ಟನ್ನೂ ವಿಳಾಸಪಟ್ಟಿಯಲ್ಲಿ ಮಾಡಿ, ಬೇರೆಡೆ ಮರೆತರೆ ಪ್ರಯೋಜನವಿಲ್ಲ. ಕೊಂಡಿಯ ಮೇಲೆ ಇಲಿಯಾಡಿಸಿದಾಗ ಮೂಡುವ ಸಾಲು, ಕ್ಯಾಮೆರಾಕ್ಕೆ ಅನುಮತಿ ಕೇಳುವ ಪೆಟ್ಟಿಗೆ, ಭದ್ರತಾ ಪ್ರಮಾಣಪತ್ರ, ಇತಿಹಾಸದ ಪುಟ, ಇಮೇಲ್ ಕಳುಹಿಸಿದವರ ಹೆಸರು ಎಲ್ಲ ಕಡೆ ಒಂದೇ ನಿರ್ಧಾರ ಇರಬೇಕು. ಒಂದೆಡೆ ಲಿಪಿ, ಇನ್ನೊಂದೆಡೆ ಸಂಕೇತ ಕಂಡ ಓದುಗ ಎರಡೂ ಒಂದೇ ತಾಣವೆಂದು ತಿಳಿಯುವುದು ಹೇಗೆ?

ವಿಳಾಸದ ಉಳಿದ ಭಾಗದ್ದು ಬೇರೆ ರೋಗ. ಡೊಮೈನ್ ನಂತರ ಬರುವ ಪುಟದ ಹೆಸರಿಗೆ ಪ್ಯೂನಿಕೋಡ್ ಇಲ್ಲ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತವನ್ನು ಮೂರು ಬೈಟುಗಳಾಗಿಸಿ, ಪ್ರತಿ ಬೈಟನ್ನು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬರೆಯುತ್ತಾರೆ. ಕನ್ನಡ ವಿಕಿಪೀಡಿಯದಂಥ ತಾಣದಲ್ಲಿ ಕುರ್ಲಾ ಎಂಬ ಪುಟದ ಹೆಸರು ಹೀಗೆ 54 ಅಕ್ಷರಗಳಷ್ಟು ಉದ್ದವಾಗುತ್ತದೆ. ಬ್ರೌಸರ್‌ಗಳು ಪಟ್ಟಿಯಲ್ಲಿ ಅದನ್ನು ಕನ್ನಡವಾಗಿಯೇ ತೋರಿಸಿದರೂ, ನಕಲಿಸಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಮಾಲೆ ಬೀಳುವುದನ್ನು ಕನ್ನಡದಲ್ಲಿ ಓದಿ ಹಂಚಿಕೊಳ್ಳುವವರೆಲ್ಲ ಕಂಡಿದ್ದಾರೆ. ಪುಟದ ಹೆಸರಿನಿಂದ ಒಡೆತನದ ಮೋಸ ನಡೆಯದು. ಹಾಗಿರುವಾಗ ಇಲ್ಲಿ ಲಿಪಿಯನ್ನು ಅಡಗಿಸಲು ಭದ್ರತೆಯ ನೆಪವೂ ಇಲ್ಲ. ನಕಲಿಸಿದ ಕೊಂಡಿ ಕನ್ನಡದಲ್ಲೇ ಹೊರಬರುವಂತೆ ಮಾಡುವುದು ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ಸ್ವೀಕರಿಸುವ ಆ್ಯಪ್ ಅದನ್ನು ಅರ್ಧಕ್ಕೆ ತುಂಡರಿಸದೆ ಪೂರ್ತಿ ಕೊಂಡಿಯೆಂದು ಗುರುತಿಸುವಂತೆ ಮಾಡುವುದು ಅದರ ಜೊತೆಗೇ ಆಗಬೇಕಾದದ್ದು.